ದ್ರವ ಹೋಗಬೇಕು, ಹಂದರ ಉಳಿಯಬೇಕು: ನ್ಯಾನೋವಸ್ತುಗಳಿಂದ ಏರೋಜೆಲ್

ಈ ಮೇಜಿನ ಮೇಲೆ ಎರಡು ತುಂಡುಗಳನ್ನು ಇಟ್ಟಿದ್ದೇನೆ. ಒಂದು ಸಿಲಿಕಾ ಏರೋಜೆಲ್. ಕಪ್ಪು ಬಟ್ಟೆಯ ಮೇಲಿದ್ದಾಗ ತಿಳಿನೀಲಿಯಾಗಿ ಕಾಣುತ್ತದೆ. ದೀಪಕ್ಕೆ ಅಡ್ಡ ಹಿಡಿದರೆ ಅದೇ ತುಂಡು ಹಳದಿ ಛಾಯೆಗೆ ತಿರುಗುತ್ತದೆ. ಅದಕ್ಕೆ ಯಾವ ಬಣ್ಣವನ್ನೂ ಸೇರಿಸಿಲ್ಲ. ಹಗಲಿನ ಆಕಾಶ ನೀಲಿಯಾಗಿ, ಮುಳುಗುವ ಸೂರ್ಯ ಕೆಂಪಾಗಿ ಕಾಣುವುದಕ್ಕೆ ಬೆಳಕಿನ ಯಾವ ಚದುರುವಿಕೆ ಕಾರಣವೋ ಇಲ್ಲಿಯೂ ಅದೇ ಕಾರಣ. ಇನ್ನೊಂದು ಕಪ್ಪು ತುಂಡು, ಹೆಬ್ಬೆರಳಿನ ಗಾತ್ರದ್ದು, ಗ್ರಾಫೀನ್ ಏರೋಜೆಲ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಗಳಿಂದ ಕಟ್ಟಿದ್ದು. ನಾನು ಮಾತನಾಡುವಾಗ ಹೊರಡುವ ಉಸಿರಿಗೇ ಅದು ಜರುಗಿಬಿಡುತ್ತದೆ. ಅದಕ್ಕಾಗಿ ಗಾಜಿನ ಮುಚ್ಚಳ ಹಾಕಿದ್ದೇನೆ. ಕೊನೆಯಲ್ಲಿ ಎರಡೂ ನಿಮ್ಮ ಕೈಗೆ ಬರುತ್ತವೆ.

ಏರೋಜೆಲ್ ಎಂದರೆ ಏನು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಜೆಲ್‌ನೊಳಗಿನ ದ್ರವವನ್ನೆಲ್ಲ ತೆಗೆದು, ಅದರ ಘನ ಹಂದರವನ್ನು ಮಾತ್ರ ಕುಸಿಯದಂತೆ ಉಳಿಸಿಕೊಂಡರೆ ಸಿಗುವ ವಸ್ತು. ಗಾತ್ರದಲ್ಲಿ ಶೇ. 90ಕ್ಕಿಂತ ಹೆಚ್ಚು, ಕೆಲವೊಮ್ಮೆ ಶೇ. 99ಕ್ಕೂ ಹೆಚ್ಚು ಭಾಗ ಬರೀ ಗಾಳಿ. ಉಳಿದ ಅಲ್ಪ ಭಾಗವೇ ಹಂದರ. ಹೇಳುವುದಕ್ಕೆ ಇಷ್ಟು ಸುಲಭ. ಮಾಡಲು ಹೊರಟಾಗ ಗೊತ್ತಾಗುತ್ತದೆ, ಕಷ್ಟವಿರುವುದು ಜೆಲ್ ಕಟ್ಟುವುದರಲ್ಲಲ್ಲ, ಅದನ್ನು ಒಣಗಿಸುವುದರಲ್ಲಿ. ಇಂದಿನ ನನ್ನ ಮಾತಿನ ಬಹುಪಾಲು ಒಣಗಿಸುವುದರ ಬಗ್ಗೆಯೇ ಇರುತ್ತದೆ. ನ್ಯಾನೋವಸ್ತುಗಳು ಎಂಬ ಹೆಸರು ಕೇಳಿ ಬಂದವರು ಸ್ವಲ್ಪ ತಾಳಿಕೊಳ್ಳಬೇಕು. ಒಣಗುವಾಗ ಏನಾಗುತ್ತದೆ ಎಂಬುದು ಕಣ್ಣಿಗೆ ಕಟ್ಟದಿದ್ದರೆ ಗ್ರಾಫೀನ್ ಹಾಳೆಗಳನ್ನು ಏಕೆ ಹಾಗೆ ಜೋಡಿಸುತ್ತೇವೆ ಎಂಬುದೂ ಅರ್ಥವಾಗುವುದಿಲ್ಲ.

ಬಣ್ಣ ಹಚ್ಚುವ ಒಂದು ಕುಂಚವನ್ನು ನೆನಪಿಸಿಕೊಳ್ಳಿ. ಒಣಗಿದ್ದಾಗ ಅದರ ಎಳೆಗಳು ಬಿಡಿಬಿಡಿಯಾಗಿರುತ್ತವೆ. ನೀರಿನೊಳಗೆ ಮುಳುಗಿಸಿಟ್ಟಾಗಲೂ ಬಿಡಿಬಿಡಿಯಾಗಿಯೇ ಹರಡಿರುತ್ತವೆ. ನೀರಿನಿಂದ ಹೊರಗೆ ತೆಗೆದ ಕ್ಷಣ ಮಾತ್ರ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಮೊನೆಯಾಗುತ್ತವೆ. ಅಂಟಿಸಿದ್ದು ನೀರಲ್ಲ, ನೀರಿನ ಮೇಲ್ಮೈ. ದ್ರವ ಮತ್ತು ಗಾಳಿ ಸಂಧಿಸುವ ಗಡಿಯಲ್ಲಿ ಹುಟ್ಟುವ ಎಳೆತ ಎಳೆಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ಕುಂಚದ ಎಳೆಗಳ ನಡುವಿನ ಸಂದು ಕಣ್ಣಿಗೆ ಕಾಣುವಷ್ಟು ದೊಡ್ಡದು, ಆದ್ದರಿಂದ ಆ ಬಲ ಅಲ್ಲಿ ಸಣ್ಣದು. ಜೆಲ್‌ನ ರಂಧ್ರಗಳು ನ್ಯಾನೋಮೀಟರ್‌ಗಳ ಲೆಕ್ಕದಲ್ಲಿರುತ್ತವೆ; ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ರಂಧ್ರ ಕಿರಿದಾದಷ್ಟೂ ಈ ಒತ್ತಡ ಏರುತ್ತದೆ: ತ್ರಿಜ್ಯ ಅರ್ಧವಾದರೆ ಒತ್ತಡ ಎರಡು ಪಟ್ಟು. 10 ನ್ಯಾನೋಮೀಟರ್ ತ್ರಿಜ್ಯದ ರಂಧ್ರದಿಂದ ನೀರು ಆವಿಯಾಗುತ್ತಿದ್ದರೆ ಅದರ ಗೋಡೆಗಳ ಮೇಲೆ ಬೀಳುವ ಸೆಳೆತ ವಾತಾವರಣದ ಒತ್ತಡದ ಸುಮಾರು 140 ಪಟ್ಟು. ಸಮುದ್ರದಲ್ಲಿ ಸುಮಾರು 1,400 ಮೀಟರ್ ಆಳಕ್ಕೆ ಇಳಿದರೆ ಇರುವ ಒತ್ತಡ ಅದು. ಕೆಲವೇ ನ್ಯಾನೋಮೀಟರ್ ದಪ್ಪದ ಎಳೆಗಳಿಂದಾದ ಹಂದರ ಅದನ್ನು ತಡೆದುಕೊಳ್ಳಲು ಸಾಧ್ಯವೇ? ಜೆಲ್ ಅನ್ನು ಬಯಲಿನಲ್ಲಿ ಒಣಗಲು ಬಿಟ್ಟರೆ ಕುಗ್ಗಿ, ಬಿರಿದು, ಗಟ್ಟಿ ಹರಳಿನಂತಹ ಚೂರುಗಳಾಗುತ್ತದೆ. ಹೊಸ ಚಪ್ಪಲಿ ಪೆಟ್ಟಿಗೆಯೊಳಗೆ ತೇವ ಹೀರಲು ಇಡುವ ಸಿಲಿಕಾ ಜೆಲ್ ಹರಳುಗಳು ಹೀಗೆ ಕುಗ್ಗಿ ಒಣಗಿದವೇ.

ಇದನ್ನು ಮೊದಲು ದಾಟಿದವರು ಅಮೆರಿಕದ ಸ್ಯಾಮ್ಯುಯೆಲ್ ಸ್ಟೀಫನ್ಸ್ ಕಿಸ್ಲರ್. 1931ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಪುಟ್ಟ ಬರಹ ಪ್ರಕಟವಾಯಿತು. ಹಗುರ ವಸ್ತು ಮಾಡಬೇಕೆಂಬುದು ಅವರ ಉದ್ದೇಶವಾಗಿರಲಿಲ್ಲ ಎಂಬುದು ನನಗೆ ಬಹಳ ಇಷ್ಟವಾಗುವ ಸಂಗತಿ. ಅವರ ಪ್ರಶ್ನೆ ಬೇರೆಯೇ ಇತ್ತು: ಜೆಲ್‌ನೊಳಗೆ ಘನ ಭಾಗವು ಒಂದೇ ನಿರಂತರ ಜಾಲವಾಗಿದೆಯೇ? ದ್ರವ ಅದರೊಳಗೆ ಸ್ವತಂತ್ರವಾಗಿ ತುಂಬಿಕೊಂಡಿದೆಯಷ್ಟೆಯೇ? ಹಾಗಿದ್ದರೆ ದ್ರವದ ಜಾಗದಲ್ಲಿ ಗಾಳಿಯನ್ನು ಕೂರಿಸಿದರೂ ಜಾಲ ನಿಲ್ಲಬೇಕು. ವಾದಕ್ಕೆ ಸಾಕ್ಷಿಯಾಗಿ ಅವರು ಏರೋಜೆಲ್ ಮಾಡಿದರು. ಸಿಲಿಕಾದಲ್ಲಿ ಮಾತ್ರವಲ್ಲ, ಅಲ್ಯುಮಿನಾ, ಜೆಲಾಟಿನ್, ಮೊಟ್ಟೆಯ ಬಿಳಿ, ಸೆಲ್ಯುಲೋಸ್‌ಗಳಲ್ಲೂ ಮಾಡಿ ತೋರಿಸಿದರು.

ಉಪಾಯ ಏನು? ಮೇಲ್ಮೈ ಇದ್ದರೆ ತಾನೆ ಎಳೆತ? ಮೇಲ್ಮೈಯೇ ಇಲ್ಲದಂತೆ ಮಾಡುವುದು.

ಇಲ್ಲಿ ಕಿಸ್ಲರ್ ಅವರಿಗಿಂತ ನೂರು ವರ್ಷ ಹಿಂದಕ್ಕೆ ಹೋಗಿ ಬರುತ್ತೇನೆ. 1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಎಂಬುವರು ಗಟ್ಟಿಯಾದ ಬಂದೂಕಿನ ನಳಿಗೆಯೊಳಗೆ ದ್ರವವನ್ನೂ ಒಂದು ಗುಂಡನ್ನೂ ಹಾಕಿ ಮುಚ್ಚಿ, ಕಾಯಿಸುತ್ತಾ ಉರುಳಿಸಿದರು. ಗುಂಡು ದ್ರವಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಒಂದು ಉಷ್ಣತೆ ದಾಟಿದ ಮೇಲೆ ಆ ಸದ್ದು ನಿಂತೇಹೋಯಿತು. ಒಳಗೆ ದ್ರವ ಮತ್ತು ಆವಿ ಎಂಬ ಭೇದ ಅಳಿದು ಎರಡೂ ಒಂದೇ ಆಗಿದ್ದವು. ಒಳಗೇನಾಗುತ್ತಿದೆ ಎಂದು ನೋಡಲಾಗದ ಕಬ್ಬಿಣದ ನಳಿಗೆಯ ಮುಂದೆ ಕಿವಿಗೊಟ್ಟು ಕುಳಿತು ಪದಾರ್ಥದ ಹೊಸ ಸ್ಥಿತಿಯೊಂದನ್ನು ಕಂಡುಕೊಂಡ ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. 1869ರಲ್ಲಿ ಥಾಮಸ್ ಆಂಡ್ರೂಸ್ ಇಂಗಾಲದ ಡೈಆಕ್ಸೈಡ್ ಮೇಲೆ ವಿವರವಾಗಿ ಅಧ್ಯಯನ ಮಾಡಿ ಇದಕ್ಕೆ ‘ಕ್ರಾಂತಿಕ ಬಿಂದು’ ಎಂಬ ಹೆಸರು ಕೊಟ್ಟರು.

ಕಿಸ್ಲರ್ ಮಾಡಿದ್ದು ಇಷ್ಟೇ: ಒದ್ದೆ ಜೆಲ್ ಅನ್ನು ಒತ್ತಡದ ಪಾತ್ರೆಯಲ್ಲಿಟ್ಟು, ಅದರೊಳಗಿನ ದ್ರವವನ್ನು ಕ್ರಾಂತಿಕ ಬಿಂದುವಿನ ಆಚೆಗೆ ಕಾಯಿಸಿ, ಆ ಉಷ್ಣತೆ ಇಳಿಯದಂತೆ ನೋಡಿಕೊಂಡು ಒತ್ತಡವನ್ನು ಮೆಲ್ಲಗೆ ಬಿಟ್ಟರು. ದ್ರವ ಎಲ್ಲೂ ‘ಆವಿಯಾಗಲೇ’ ಇಲ್ಲ. ಗಡಿರೇಖೆಯೇ ಇಲ್ಲದ ಹಾದಿಯಲ್ಲಿ ಸುತ್ತಿ ಬಂದು ಅನಿಲವಾಗಿ ಹೊರಟುಹೋಯಿತು. ಹಂದರಕ್ಕೆ ಗೊತ್ತೇ ಆಗಲಿಲ್ಲ. ನೀರಿನಲ್ಲಿ ಇದನ್ನು ನೇರವಾಗಿ ಮಾಡಲು ಆಗುವುದಿಲ್ಲ. ನೀರಿನ ಕ್ರಾಂತಿಕ ಉಷ್ಣತೆ 374 ಡಿಗ್ರಿ ಸೆಲ್ಸಿಯಸ್, ಅಷ್ಟು ಬಿಸಿಯಾದ ನೀರು ಸಿಲಿಕಾವನ್ನೇ ಕರಗಿಸಿಬಿಡುತ್ತದೆ. ಆದ್ದರಿಂದ ಅವರು ಮೊದಲು ನೀರನ್ನು ತೊಳೆದು ಆಲ್ಕೋಹಾಲ್ ತುಂಬಿದರು. ಆಲ್ಕೋಹಾಲ್‌ಗೆ 240 ಡಿಗ್ರಿಯ ಆಸುಪಾಸು ಸಾಕು. ಆದರೆ ಅಷ್ಟು ಬಿಸಿಯ, ಅಷ್ಟು ಒತ್ತಡದ ಆಲ್ಕೋಹಾಲ್ ಸೋರಿದರೆ ಏನಾಗುತ್ತದೆ ಎಂಬುದು 1984ರಲ್ಲಿ ಸ್ವೀಡನ್ನಿನ ಒಂದು ಏರೋಜೆಲ್ ಘಟಕದಲ್ಲಿ ಮೆಥನಾಲ್ ಸೋರಿ ಸ್ಫೋಟವಾದಾಗ ಎಲ್ಲರಿಗೂ ತಿಳಿಯಿತು. ಮರುವರ್ಷವೇ ಅಮೆರಿಕದ ಬರ್ಕ್ಲಿಯ ಸಂಶೋಧಕರು ಇಂಗಾಲದ ಡೈಆಕ್ಸೈಡ್ ಬಳಸಿ ಒಣಗಿಸುವ ವಿಧಾನವನ್ನು ಪ್ರಕಟಿಸಿದರು. ಅದರ ಕ್ರಾಂತಿಕ ಉಷ್ಣತೆ ಬರೀ 31 ಡಿಗ್ರಿ, ಒತ್ತಡ ಸುಮಾರು 74 ಬಾರ್. ಬೆಂಕಿ ಹಿಡಿಯುವ ಭಯವಿಲ್ಲ. ನಾವೆಲ್ಲ ಈಗ ಅದನ್ನೇ ನೆಚ್ಚಿಕೊಂಡಿದ್ದೇವೆ.

ಈ ಕೆಲಸಕ್ಕೆ ಬೇಕಾದ ಮುಖ್ಯ ಗುಣ ತಾಳ್ಮೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಎರಡು ಸೆಂಟಿಮೀಟರ್ ದಪ್ಪದ ಒಂದು ಸಿಲಿಕಾ ಜೆಲ್ ಮಾಡಿದ್ದೆ. ಒಂದು ಸೆಂಟಿಮೀಟರ್ ದಪ್ಪದ ತುಂಡುಗಳಿಗೆ ಆಲ್ಕೋಹಾಲ್ ಬದಲಿಸಲು ಎಷ್ಟು ದಿನ ಹಿಡಿದಿತ್ತೋ ಅದರ ಎರಡರಷ್ಟು ದಿನ ಇದಕ್ಕೆ ಕೊಟ್ಟೆ. ಸಾಕೆಂದುಕೊಂಡೆ. ಒಣಗಿಸಿ ಪಾತ್ರೆ ತೆರೆದು ನೋಡಿದರೆ ಅಂಚುಗಳೆಲ್ಲ ಗಾಜಿನಂತೆ ತಿಳಿಯಾಗಿದ್ದವು, ನಡುವೆ ಮಾತ್ರ ಸುಣ್ಣದ ಉಂಡೆಯಂತೆ ಬಿಳಿ ಗಡ್ಡೆ. ಅದರ ಸುತ್ತ ಬಿರುಕುಗಳು. ಜೆಲ್‌ನೊಳಗೆ ದ್ರವ ಹರಿಯುವುದಿಲ್ಲ, ಅಣು ಅಣುವಾಗಿ ವಿಸರಣಗೊಳ್ಳುತ್ತದೆ. ದಪ್ಪ ಎರಡು ಪಟ್ಟಾದರೆ ಬೇಕಾದ ಸಮಯ ನಾಲ್ಕು ಪಟ್ಟು. ನಡುವೆ ನೀರು ಉಳಿದಿತ್ತು, ದ್ರವ ಇಂಗಾಲದ ಡೈಆಕ್ಸೈಡ್ ನೀರನ್ನು ಕರಗಿಸಿಕೊಳ್ಳುವುದು ತೀರಾ ಕಡಿಮೆ, ಹಾಗಾಗಿ ಅಲ್ಲಿ ಮೇಲ್ಮೈ ಎಳೆತ ತನ್ನ ಕೆಲಸ ಮುಗಿಸಿತ್ತು. ಆ ಬಿಳಿ ಗಡ್ಡೆಯ ತುಂಡನ್ನು ಈಗಲೂ ಇಟ್ಟುಕೊಂಡಿದ್ದೇನೆ, ಹೊಸಬರು ಬಂದಾಗ ಮೊದಲು ತೋರಿಸುವುದು ಅದನ್ನೇ. ಕೊನೆಯಲ್ಲಿ ಒತ್ತಡ ಇಳಿಸುವಾಗಲೂ ಅಷ್ಟೇ. ಒಳಗಿನ ಅನಿಲ ನ್ಯಾನೋಮೀಟರ್ ಅಗಲದ ಸಂದಿಗಳಿಂದಲೇ ಹೊರಬರಬೇಕು. ಕವಾಟವನ್ನು ಅವಸರದಿಂದ ತಿರುಗಿಸಿದರೆ ಒಳಗಿನ ಅನಿಲವೇ ತುಂಡನ್ನು ಸೀಳುತ್ತದೆ.

ಈಗ ನ್ಯಾನೋವಸ್ತುಗಳಿಗೆ ಬರುತ್ತೇನೆ. ಕಿಸ್ಲರ್ ದಾರಿಯಲ್ಲಿ ಹಂದರ ಅಣುಗಳಿಂದ ಬೆಳೆಯುತ್ತದೆ: ಅಣುಗಳು ಸೇರಿ ಕಣ, ಕಣಗಳು ಪೋಣಿಸಿಕೊಂಡು ಸರ, ಸರಗಳು ಹೆಣೆದುಕೊಂಡು ಜಾಲ. ಕಣಗಳ ನಡುವಿನ ಕೊರಳು ತೀರಾ ಕಿರಿದು. ಸಿಲಿಕಾ ಏರೋಜೆಲ್ ಚೂರು ಬಗ್ಗಿಸಿದರೂ ಚಟ್ಟನೆ ಮುರಿಯುವುದು ಅದಕ್ಕೇ. ಹಾಗಾದರೆ ಮೊದಲೇ ಸಿದ್ಧವಾಗಿರುವ ಉದ್ದನೆಯ ನಾರು, ಕೊಳವೆ, ತಂತಿ, ಹಾಳೆಗಳಿಂದಲೇ ಹಂದರ ಕಟ್ಟಿದರೆ? ಮರಳಿನ ಗೂಡಿಗೂ ಹುಲ್ಲಿನ ಗೂಡಿಗೂ ಇರುವ ವ್ಯತ್ಯಾಸ ಇಲ್ಲಿದೆ. ಉದ್ದನೆಯ ಎಳೆಗಳಿಗೆ ಇನ್ನೊಂದು ಅನುಕೂಲವೂ ಇದೆ: ತೀರಾ ಕಡಿಮೆ ಪ್ರಮಾಣದಲ್ಲಿದ್ದರೂ ಅವು ಒಂದನ್ನೊಂದು ಮುಟ್ಟುತ್ತವೆ. ಒಂದು ಲೋಟ ನೀರಿನಲ್ಲಿ ಕಾಳುಗಳನ್ನು ಹಾಕಿದರೆ ಅವು ಒಂದಕ್ಕೊಂದು ತಾಗಿ ನಿಲ್ಲಲು ಲೋಟ ತುಂಬಬೇಕು. ಉದ್ದನೆಯ ಕಡ್ಡಿಗಳಾದರೆ ಕೆಲವೇ ಸಾಕು, ಅಡ್ಡಾದಿಡ್ಡಿಯಾಗಿ ಸಿಕ್ಕಿಕೊಳ್ಳುತ್ತವೆ. ಹಗುರ ಏರೋಜೆಲ್‌ನ ಮರ್ಮ ಬಹುಪಾಲು ಇಷ್ಟೇ.

ಗ್ರಾಫೀನ್ ಏರೋಜೆಲ್ ಮಾಡುವುದನ್ನು ಹತ್ತಿರದಿಂದ ನೋಡೋಣ. ಶುರು ಮಾಡುವುದು ಗ್ರಾಫೀನ್ ಆಕ್ಸೈಡ್‌ನಿಂದ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ಅದರ ಮೈತುಂಬ ಆಮ್ಲಜನಕದ ಗುಂಪುಗಳು. ಈ ಗುಂಪುಗಳಿಂದಾಗಿ ಹಾಳೆಗಳು ಋಣ ವಿದ್ಯುದಾವೇಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ದ್ರವ ನೋಡಲು ಜೇನಿನ ಬಣ್ಣದಿಂದ ಕಡುಗಂದಿನವರೆಗೆ ಇರುತ್ತದೆ. ಒಂದು ಮಿಲಿಲೀಟರ್ ನೀರಿಗೆ ಎರಡು ಮಿಲಿಗ್ರಾಂ ಗ್ರಾಫೀನ್ ಆಕ್ಸೈಡ್ ಇರುವಂತೆ ಮಾಡಿಕೊಂಡು, ಟೆಫ್ಲಾನ್ ಒಳಪದರವಿರುವ ಉಕ್ಕಿನ ಪಾತ್ರೆಗೆ ಸುರಿದು, ಬಿಗಿಯಾಗಿ ಮುಚ್ಚಿ, 180 ಡಿಗ್ರಿಯಲ್ಲಿ 12 ಗಂಟೆ ಇಡಬೇಕು. 2010ರಲ್ಲಿ ಚೀನಾದ ತ್ಸಿಂಗ್ಹುವಾ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟ ದಾರಿ ಇದು. ಮರುದಿನ ಪಾತ್ರೆ ತಣ್ಣಗಾದ ಮೇಲೆ ಮುಚ್ಚಳ ತೆಗೆದರೆ, ನಾನು ಎಷ್ಟು ಸಲ ನೋಡಿದ್ದರೂ ಒಂದು ಕ್ಷಣ ನಿಂತು ನೋಡುತ್ತೇನೆ: ಕಂದು ದ್ರವ ಮಾಯವಾಗಿ, ತಿಳಿನೀರಿನ ನಡುವೆ ಕಪ್ಪು ಉರುಳೆಯೊಂದು ಇರುತ್ತದೆ. ಪಾತ್ರೆಯ ಆಕಾರವೇ, ಸ್ವಲ್ಪ ಚಿಕ್ಕದು. ಇಕ್ಕಳದಲ್ಲಿ ಎತ್ತಿದರೆ ಇಡಿಯಾಗಿ ಬರುತ್ತದೆ, ತುದಿಯಿಂದ ನೀರು ತೊಟ್ಟಿಕ್ಕುತ್ತದೆ.

ಒಳಗೆ ನಡೆದದ್ದು ಹೀಗೆ. ಶಾಖಕ್ಕೆ ಆಮ್ಲಜನಕದ ಗುಂಪುಗಳು ಕಳಚಿಕೊಂಡವು. ದೂರ ತಳ್ಳುತ್ತಿದ್ದ ಬಲ ಕುಗ್ಗಿತು, ಹಾಳೆಗಳಿಗೆ ನೀರಿನ ಸಂಗ ಬೇಡವಾಯಿತು. ಹಾಳೆಯ ಅಂಚು ಇನ್ನೊಂದು ಹಾಳೆಯ ಮೈಗೆ ತಾಗಿದಲ್ಲೆಲ್ಲ ಅಂಟಿಕೊಂಡು ಗಂಟು ಬಿತ್ತು. ಪೂರ್ತಿ ಹಾಳೆಗಳು ಒಂದರ ಮೇಲೊಂದು ಮಲಗಿಬಿಟ್ಟಿದ್ದರೆ ಗ್ರಾಫೈಟ್ ಪುಡಿ ಸಿಗುತ್ತಿತ್ತು. ಅವು ಬಾಗಿ ಮಡಚಿ ಅಲ್ಲಲ್ಲಿ ಮಾತ್ರ ಕೂಡಿಕೊಂಡಿದ್ದರಿಂದ ಜಾಲವಾಯಿತು. ಗ್ರಾಫೀನ್ ಆಕ್ಸೈಡ್ ಮಿಲಿಲೀಟರಿಗೆ ಅರ್ಧ ಮಿಲಿಗ್ರಾಂಗೆ ಇಳಿದರೆ ತಳದಲ್ಲಿ ಕಪ್ಪು ಪುಡಿ ಮಾತ್ರ ಉಳಿಯುತ್ತದೆ, ಹಾಳೆಗಳಿಗೆ ಪರಸ್ಪರ ಭೇಟಿಯಾಗಲು ಆಗುವುದಿಲ್ಲ. ಅಷ್ಟು ಒತ್ತಡ, ಶಾಖ ಬೇಡವೆನ್ನುವವರು ವಿಟಮಿನ್ ಸಿ ಸೇರಿಸಿ, ನೀರು ಕುದಿಯುವುದಕ್ಕಿಂತ ಕಡಿಮೆ ಬಿಸಿಯಲ್ಲಿ ಇದೇ ಕೆಲಸ ಮಾಡಬಹುದು. ಆಗ ಕಲಕಲೇಬಾರದು. ಕಲಕಿದರೆ ಗಂಟುಗಳು ಕಟ್ಟುತ್ತಿದ್ದಂತೆಯೇ ಕಿತ್ತುಹೋಗುತ್ತವೆ.

ಇದನ್ನು ಒಣಗಿಸಲು ಹಲವರು ಹಿಮೀಕರಿಸಿ ಒಣಗಿಸುವ ವಿಧಾನವನ್ನು ಹಿಡಿಯುತ್ತಾರೆ. ಜೆಲ್‌ನ ನೀರನ್ನು ಮಂಜುಗಡ್ಡೆಯಾಗಿಸಿ, ನಿರ್ವಾತದಲ್ಲಿಟ್ಟರೆ ಮಂಜುಗಡ್ಡೆ ಕರಗದೆಯೇ ನೇರ ಆವಿಯಾಗುತ್ತದೆ. ಇಲ್ಲಿಯೂ ದ್ರವದ ಮೇಲ್ಮೈ ಇಲ್ಲ. ಯಂತ್ರ ಸರಳ, ಒತ್ತಡದ ಪಾತ್ರೆ ಬೇಡ. ಆದರೆ ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬೆಳೆಯುವ ಮಂಜಿನ ಹರಳುಗಳು ಹಾಳೆಗಳನ್ನು ಪಕ್ಕಕ್ಕೆ ತಳ್ಳಿ, ತಮ್ಮ ನಡುವಿನ ಸಂದುಗಳಲ್ಲಿ ಒತ್ತರಿಸುತ್ತವೆ. ಕೊನೆಗೆ ನಿಮ್ಮ ಕೈಗೆ ಬರುವುದು ಮಂಜಿನ ಹರಳುಗಳ ಅಚ್ಚು. ಇದನ್ನೇ ಬೇಕೆಂದು ಬಳಸುವವರಿದ್ದಾರೆ: ಪಾತ್ರೆಯ ತಳವನ್ನು ಮಾತ್ರ ತಣ್ಣಗಾಗಿಸಿದರೆ ಹರಳುಗಳು ಕೆಳಗಿನಿಂದ ಮೇಲಕ್ಕೆ ಕಂಬಗಳಂತೆ ಬೆಳೆಯುತ್ತವೆ, ಜೇನುಗೂಡಿನಂತಹ ರಚನೆ ಬರುತ್ತದೆ. ಒತ್ತಿದರೆ ಚೆನ್ನಾಗಿ ಪುಟಿದೇಳುವ ತುಂಡುಗಳು ಹೀಗೆ ಸಿಗುತ್ತವೆ.

ಇಲ್ಲಿ ನನ್ನದೊಂದು ಖಚಿತ ಅಭಿಪ್ರಾಯವಿದೆ. ಹೀಗೆ ಒಣಗಿಸಿದ ತುಂಡಿನ ರಂಧ್ರಗಳು ಸಾಮಾನ್ಯವಾಗಿ ಹತ್ತಾರು ಮೈಕ್ರೋಮೀಟರ್‌ಗಳಷ್ಟು ದೊಡ್ಡವು. ಕಿಸ್ಲರ್‌ನ ಏರೋಜೆಲ್‌ಗಿಂತ ಸಾವಿರ ಪಟ್ಟು ದೊಡ್ಡವು. ಅದನ್ನೂ ಏರೋಜೆಲ್ ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ, ಕರೆಯಲಿ. ಆದರೆ ಗುಣಗಳನ್ನು ಹೇಳುವಾಗ ವ್ಯತ್ಯಾಸ ಮರೆಯಬಾರದು. ಸಿಲಿಕಾ ಏರೋಜೆಲ್ ನಿಶ್ಚಲ ಗಾಳಿಗಿಂತಲೂ ಚೆನ್ನಾಗಿ ಶಾಖವನ್ನು ತಡೆಯುತ್ತದೆ. ಗಾಳಿಯ ಉಷ್ಣವಾಹಕತೆ, ಅಂದರೆ ಶಾಖವನ್ನು ದಾಟಿಸುವ ಗುಣ, ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವಾಟ್ ಎಂದಾದರೆ ಅದರದು 0.015ರ ಆಸುಪಾಸು. ಶೇ. 95 ಗಾಳಿಯೇ ಇರುವ ವಸ್ತು ಗಾಳಿಯನ್ನೇ ಮೀರಿಸುವುದು ಹೇಗೆ? ಗಾಳಿಯ ಅಣುವೊಂದು ಇನ್ನೊಂದಕ್ಕೆ ಬಡಿಯುವ ಮುನ್ನ ಸರಾಸರಿ 70 ನ್ಯಾನೋಮೀಟರ್‌ನಷ್ಟು ದೂರ ಓಡುತ್ತದೆ. ರಂಧ್ರ ಅದಕ್ಕಿಂತ ಕಿರಿದಾಗಿದ್ದರೆ ಅಣು ಬೇರೆ ಅಣುವಿಗೆ ಶಾಖ ದಾಟಿಸುವ ಮೊದಲೇ ಗೋಡೆಗೆ ಬಡಿದು ಹಿಂದಿರುಗುತ್ತದೆ. ಹತ್ತಾರು ಮೈಕ್ರೋಮೀಟರ್ ಅಗಲದ ರಂಧ್ರದಲ್ಲಿ ಈ ತಡೆ ಇರುವುದಿಲ್ಲ. ಶಾಖ ತಡೆಯಬೇಕೆಂದರೆ ರಂಧ್ರ ಕಿರಿದಾಗಿರಲೇಬೇಕು. ಎಣ್ಣೆ ಹೀರಬೇಕೆಂದರೆ ದೊಡ್ಡ ರಂಧ್ರವೇ ಒಳ್ಳೆಯದು. ಹಿಮೀಕರಿಸುವುದೇ ಅನಿವಾರ್ಯವಾದರೆ, ಮೊದಲು ನೀರನ್ನು ಟರ್ಷಿಯರಿ ಬ್ಯುಟನಾಲ್ ಎಂಬ ಆಲ್ಕೋಹಾಲ್‌ನಿಂದ ಬದಲಿಸಿಕೊಳ್ಳಿ. ಸುಮಾರು 25 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಹಂದರವನ್ನು ನೀರಿನಷ್ಟು ಹಾಳುಗೆಡವುವುದಿಲ್ಲ.

ಬೇರೆ ನ್ಯಾನೋವಸ್ತುಗಳ ಬಗ್ಗೆ ಬೇಗ ಹೇಳುತ್ತೇನೆ. 2005ರಲ್ಲಿ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೆಫನಿ ಬ್ರಾಕ್ ಅವರ ತಂಡ ಅರೆವಾಹಕ ನ್ಯಾನೋಕಣಗಳಿಂದ ಏರೋಜೆಲ್ ಮಾಡಿತು. ಕಣಗಳ ಮೈಮೇಲಿನ ರಕ್ಷಾಕವಚವನ್ನು ಅಷ್ಟಷ್ಟೇ ಕಿತ್ತರೆ ಬತ್ತಲಾದ ಜಾಗಗಳಲ್ಲಿ ಅವು ಕೂಡಿಕೊಳ್ಳುತ್ತವೆ, ಆದರೂ ಪ್ರತಿಯೊಂದು ಕಣವೂ ತನ್ನ ಕ್ವಾಂಟಮ್ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಚಿನ್ನ, ಬೆಳ್ಳಿ, ಪ್ಲಾಟಿನಂಗಳಲ್ಲೂ ಇಂತಹವು ಬಂದವು. ಮರದ ನಾರನ್ನು ಬಿಡಿಸಿ ಪಡೆಯುವ ನ್ಯಾನೋಸೆಲ್ಯುಲೋಸ್ ಇನ್ನೊಂದು. ಬೇರೆಯವೆಲ್ಲ ಕಾರ್ಖಾನೆಯಿಂದ ಬರುವಾಗ ಇದು ಗಿಡದಿಂದ ಬರುತ್ತದೆ ಎಂಬ ಕಾರಣಕ್ಕೆ ನನ್ನ ಒಲವು ಅದರ ಕಡೆಗಿದೆ.

ಇಂಗಾಲದ ನ್ಯಾನೋಕೊಳವೆಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. 2007ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಬರೀ ಕೊಳವೆಗಳಿಂದ ಏರೋಜೆಲ್ ಮಾಡಿದಾಗ ಅದು ತೀರಾ ದುರ್ಬಲವಾಗಿತ್ತು. ಪ್ರತಿಯೊಂದು ಕೊಳವೆಯೂ ಉಕ್ಕನ್ನು ಮೀರಿಸುವಷ್ಟು ಗಟ್ಟಿ, ಆದರೆ ಒಂದರ ಮೇಲೊಂದು ಸುಮ್ಮನೆ ಒರಗಿವೆ, ಅಷ್ಟೇ. ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪಾಲಿಮರ್ ಅನ್ನು ತುಸು ಸೇರಿಸಿ ಬಲಪಡಿಸಿದಾಗ ಅದೇ ಏರೋಜೆಲ್ ತನ್ನ ತೂಕದ ಸಾವಿರಾರು ಪಟ್ಟು ಭಾರ ಹೊತ್ತಿತು. ಆದರೆ ಪಾಲಿಮರ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಗಂಟು ಗಟ್ಟಿಯಾದಷ್ಟು ವಾಹಕತೆ ಇಳಿಯಿತು. ನ್ಯಾನೋವಸ್ತುವಿನ ಏರೋಜೆಲ್‌ನಲ್ಲಿ ಬಲವೂ ವಾಹಕತೆಯೂ ನಿರ್ಧಾರವಾಗುವುದು ಎಳೆಯಲ್ಲಲ್ಲ, ಗಂಟಿನಲ್ಲಿ. ನನಗಂತೂ ಸಂಶೋಧನೆಯ ಮುಂದಿನ ದಶಕವೆಲ್ಲ ಈ ಗಂಟುಗಳಲ್ಲೇ ಇದೆ ಅನಿಸುತ್ತದೆ.

ಆದರೆ ಸುದ್ದಿಯಾಗುವುದು ತೂಕ ಮಾತ್ರ. 2012ರಲ್ಲಿ ಜರ್ಮನಿಯ ತಂಡವೊಂದು ಸತುವಿನ ಆಕ್ಸೈಡ್ ಅಚ್ಚಿನ ಮೇಲೆ ಇಂಗಾಲ ಬೆಳೆಸಿ, ಅಚ್ಚನ್ನು ತೆಗೆದುಹಾಕಿ ಏರೋಗ್ರಾಫೈಟ್ ಮಾಡಿತು. ಘನ ಸೆಂಟಿಮೀಟರಿಗೆ ಸುಮಾರು 0.2 ಮಿಲಿಗ್ರಾಂ. 2013ರಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಗ್ರಾಫೀನ್ ಏರೋಜೆಲ್ 0.16ಕ್ಕೆ ಇಳಿಯಿತು. ‘ಗಾಳಿಗಿಂತ ಹಗುರ’ ಎಂದು ಎಲ್ಲೆಡೆ ಬರೆದರು. ಹಾಗಾದರೆ ಅದೇಕೆ ಬಲೂನಿನಂತೆ ಮೇಲೇರುವುದಿಲ್ಲ ಎಂದು ಒಮ್ಮೆ ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು. ಬಹಳ ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕೋಣ: ಒಂದು ಲೀಟರ್ ಏರೋಜೆಲ್‌ನ ಹಂದರ 0.16 ಗ್ರಾಂ. ಅದರೊಳಗೆ ತುಂಬಿರುವ ಗಾಳಿ ಸುಮಾರು 1.2 ಗ್ರಾಂ. ಒಟ್ಟು 1.36 ಗ್ರಾಂ. ಹೊರಗಿನ ಒಂದು ಲೀಟರ್ ಗಾಳಿ 1.2 ಗ್ರಾಂ. ಆದ್ದರಿಂದ ಅದು ಕೆಳಗೇ ಕೂರುತ್ತದೆ. ಪ್ರಕಟವಾಗುವ ಸಂಖ್ಯೆ ಹಂದರದ ಸಾಂದ್ರತೆ, ಒಳಗಿನ ಗಾಳಿಯನ್ನು ಬಿಟ್ಟು ಹೇಳುವುದು. ಇನ್ನೊಂದು ಸಂಗತಿ: ಸಿಲಿಕಾದಂತಹ ಏರೋಜೆಲ್‌ಗಳಲ್ಲಿ ಸಾಂದ್ರತೆ ಅರ್ಧವಾದರೆ ಗಡಸುತನ ಅರ್ಧವಾಗುವುದಿಲ್ಲ, ಸುಮಾರು ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ದಾಖಲೆ ಮುರಿಯುವ ಹಗುರತನಕ್ಕೆ ತೆರುವ ಬೆಲೆ ಅದು.

ಎಲ್ಲಿ ಬಳಕೆಯಾಗುತ್ತದೆ ಎಂದು ಕೇಳುವವರಿಗೆ ನನಗೆ ಅತ್ಯಂತ ಪ್ರಿಯವಾದ ಒಂದೇ ಉದಾಹರಣೆ ಕೊಡುತ್ತೇನೆ. 1999ರಲ್ಲಿ ಹಾರಿದ ನಾಸಾದ ಸ್ಟಾರ್‌ಡಸ್ಟ್ ನೌಕೆ 2004ರ ಜನವರಿಯಲ್ಲಿ ವಿಲ್ಟ್ 2 ಧೂಮಕೇತುವಿನ ಬಳಿ ಹಾದುಹೋಯಿತು. ಸೆಕೆಂಡಿಗೆ ಆರು ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಬಡಿಯುವ ಧೂಳಿನ ಕಣವನ್ನು ಗಟ್ಟಿ ಲೋಹದ ಮೇಲೆ ಹಿಡಿದರೆ ಅದು ಅಲ್ಲೇ ಆವಿಯಾಗುತ್ತದೆ. ಸಿಲಿಕಾ ಏರೋಜೆಲ್ ಅದನ್ನು ಮೆಲ್ಲಗೆ ತಡೆದು ನಿಲ್ಲಿಸಿತು. ಕಣ ಹೊಕ್ಕ ಹಾದಿ ಗಜ್ಜರಿಯ ಆಕಾರದ ಗುರುತಾಗಿ ಒಳಗೆ ಉಳಿಯಿತು, ಏರೋಜೆಲ್ ಪಾರದರ್ಶಕವಾದ್ದರಿಂದ ಗುರುತಿನ ತುದಿಯಲ್ಲಿ ಕಣ ಎಲ್ಲಿ ಕುಳಿತಿದೆ ಎಂದು ಕಣ್ಣಾರೆ ನೋಡಬಹುದಾಗಿತ್ತು. 2006ರಲ್ಲಿ ಅವು ಭೂಮಿಗೆ ಬಂದವು. ಆ ಮಾದರಿಗಳಲ್ಲಿ ಮುಂದೆ ಗ್ಲೈಸೀನ್ ಎಂಬ ಅಮೈನೋ ಆಮ್ಲ ಸಿಕ್ಕಿತು.

ಈಗ ತುಂಡುಗಳನ್ನು ಮೊದಲ ಸಾಲಿನಿಂದ ಕಳುಹಿಸುತ್ತೇನೆ. ಕೈಗವಸು ಹಾಕಿಕೊಳ್ಳಿ, ಕೈಯಲ್ಲಿ ತೇವವಿರಬಾರದು. ನೀಲಿ ತುಂಡನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಬೆರಳಿನಿಂದ ಹಿಸುಕಬೇಡಿ. ಅದರ ಮೇಲ್ಮೈಗೆ ನೀರು ನಿಲ್ಲಿಸುವ ಲೇಪವನ್ನು ಕೊಟ್ಟಿಲ್ಲ. ಒಂದು ಹನಿ ಬಿದ್ದರೂ ರಂಧ್ರಗಳು ಅದನ್ನು ಹೀರಿಕೊಂಡು ಅಲ್ಲಿಯೇ ಕುಸಿಯುತ್ತವೆ. ಕಪ್ಪು ತುಂಡನ್ನು ಮೆಲ್ಲಗೆ ಒತ್ತಬಹುದು. ಅರ್ಧದಷ್ಟು ಕುಗ್ಗುವವರೆಗೆ ಒತ್ತಿ ಬಿಟ್ಟು ನೋಡಿ, ಮೊದಲಿನ ಎತ್ತರಕ್ಕೆ ಬರಲು ಒಂದು ಕ್ಷಣ ಹಿಡಿಯುತ್ತದೆ. ಗಾಳಿ ಒಳಗೆ ಮರಳುವುದು ಆ ಒಂದು ಕ್ಷಣದಲ್ಲಿ. ಪಕ್ಕದವರಿಗೆ ದಾಟಿಸುವಾಗ ಮಾತ್ರ ಉಸಿರು ಬಿಗಿಹಿಡಿಯಿರಿ.